ದೀಪ ಹಚ್ಚಿದ ಮೇಲೆ ಅದರ ಹೆಸರು ಟಸ್ಕರ್

ಸಿಂಗಾನಲ್ಲೂರು

ಬೋರ್ಡು ಓದಲು ಬಾರದ ಊರೇ ಪರದೇಶ ಎನ್ನುವುದಾದರೆ ನಾನೂ ಪರದೇಶಕ್ಕೆ ಹೋಗಿ ಬಂದವಳೇ. ಇಳಕಲ್ಲಿನ ಹೈಸ್ಕೂಲಿನಲ್ಲಿ ಬದುಕಿಡೀ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು, ಕೊಯಮತ್ತೂರಿನ ಸಿಂಗಾನಲ್ಲೂರು ಬಸ್ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯ ಯಾವುದೆಂದು ತಿಳಿಯದೆ, ಯಾರಾದರೂ ಸೀರೆಯುಟ್ಟವರು ಒಂದು ಬಾಗಿಲೊಳಗೆ ಹೋಗಲಿ ಎಂದು ಕಾದು ನಿಂತಿದ್ದೆ. ಒಬ್ಬಾಕೆ ಹೋದಳು. ಧೈರ್ಯ ಮಾಡಿ ನಾನೂ ಹೆಜ್ಜೆ ಇಡುವಷ್ಟರಲ್ಲಿ ಆಕೆ ಬಕೆಟ್ ಹಿಡಿದು ಹೊರಗೆ ಬಂದು ಪಕ್ಕದ ಬಾಗಿಲಿಗೂ ಹೋದಳು. ಆಕೆ ತೊಳೆಯುವವಳು. ನನ್ನ ಮಗಳು ಗಿರಿಜಾ ಬಂದು ಬಿಡಿಸದಿದ್ದರೆ ನಾನು ಅಲ್ಲೇ ನಿಂತಿರುತ್ತಿದ್ದೆ.

ಗಿರಿಜಾ ಅಲ್ಲಿಯ ಒಂದು ಮಿಲ್ಲಿನಲ್ಲಿ ನೂಲಿನ ಗುಣ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಮಿಲ್ಲಿಗೆ ವ್ಯಾಪಾರಕ್ಕೆಂದು ಬರುತ್ತಿದ್ದ ಪ್ರಭು ಎಂಬ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವನ ಮನೆಯವರು ಕಾರಮಡೈ ಕಡೆಯ ರೈತರು, ಎಷ್ಟೋ ತಲೆಮಾರಿನಿಂದ ಅಲ್ಲೇ ಇರುವ ಕನ್ನಡದವರು. ಈಗ ಮಗಳು ಬಸುರಿ. ಚೊಚ್ಚಲಿಗೆ ತವರಿಗೆ ಕರೆದುಕೊಂಡು ಬರುವುದು ನಮ್ಮಲ್ಲಿ ಏಳನೆಯ ತಿಂಗಳಿಗೆ. ಅದಕ್ಕೆ ಇನ್ನೂ ದಿನವಿತ್ತು. ಆದರೂ ಟಿಕೆಟ್ ತೆಗೆಸಿ ಓಡಿ ಬಂದೆ. ಕಾರಣ, ಅವಳು ಫೋನಿನಲ್ಲಿ ಆಡಿದ ಒಂದು ಮಾತು.

"ನಿನ್ನೆ ತೋಟಕ್ಕ ಟಸ್ಕರ್ ಬಂದಿತ್ತವ್ವಾ. ಬಾಳಿ ಎಲ್ಲಾ ಮುರದು ಹೋತು," ಎಂದಿದ್ದಳು. ಹಾಲು ಉಕ್ಕಿತು ಎನ್ನುವ ದನಿಯಲ್ಲಿ ಹೇಳಿ, ಮುಂದಿನ ಮಾತಿಗೆ ಹೊರಳಿದ್ದಳು.

ಟಸ್ಕ್ ಎಂದರೆ ಕೋರೆ, ದಂತ. ಅದು ಇದ್ದದ್ದು ಟಸ್ಕರ್. ಅಷ್ಟು ಗೊತ್ತಿದ್ದರೂ ನಿಘಂಟು ಬಿಡಿಸಿದೆ. ದೊಡ್ಡ ಕೋರೆಯ ಕಾಡುಹಂದಿಗೂ ಆ ಪದ ಸಲ್ಲುತ್ತದೆ ಎಂದಿತ್ತು. ಹಂದಿಯೇ ಆಗಿರಲಿ ದೇವರೇ ಎಂದು ಕೈಮುಗಿದೆ. ನಿಘಂಟಿಗೆ ಕೈಮುಗಿದದ್ದು ಅದೇ ಮೊದಲು.

ಬಸ್ಸಿನಲ್ಲಿ ಕೂತ ಕೂಡಲೇ ಕೇಳಿದೆ, "ಹಂದಿ ಹೌದಲ್ಲೇನs?"

ಗಿರಿಜಾ ಕಿಟಕಿಯ ಹೊರಗಿನ ಬಿಸಿಲನ್ನೊಮ್ಮೆ ನೋಡಿದಳು. "ಈಗ ಹಗಲೈತಿ, ಹೇಳತೀನಿ. ಮನ್ಯಾಗ ಕೇಳಬ್ಯಾಡ. ಹಂದಿ ಅಲ್ಲವ್ವಾ, ಆನಿ."

ಕಾರಮಡೈಯಿಂದ ಮುಂದೆ

ಕಾರಮಡೈಯಲ್ಲಿ ಇಳಿದು, ಅಂಗಡಿಯೊಂದರ ಮುಂದೆ ಬಿಟ್ಟಿದ್ದ ಬ್ಯಾಟರಿ ಸ್ಕೂಟರ್ ಹತ್ತಿದೆವು. ಸದ್ದೇ ಇಲ್ಲದ ಗಾಡಿ. ಮಗಳು ದಿನಾ ಮುಸ್ಸಂಜೆಗೆ ಇದೇ ದಾರಿಯಲ್ಲಿ, ಇದೇ ಗಾಡಿಯಲ್ಲಿ ಮನೆಗೆ ಬರುತ್ತಾಳೆ ಎಂದು ತಿಳಿದಾಗ ನಾನು ಅವಳ ಸೊಂಟವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ.

ದಾರಿ ಪಡುವಣದ ಬೆಟ್ಟದ ಕಡೆಗೆ ಹೋಗುತ್ತದೆ. ಎರಡೂ ಬದಿ ಬಾಳೆ. ನಮ್ಮ ಕಡೆ ಹೊಲದಲ್ಲಿ ನಿಂತರೆ ಮುಂದಿನ ಊರಿನ ಗುಡಿಯ ಗೋಪುರ ಕಾಣುತ್ತದೆ. ಬರುವವರು ಬರುವುದಕ್ಕೆ ಎಷ್ಟೋ ಮೊದಲೇ ಕಾಣುತ್ತಾರೆ. ಇಲ್ಲಿ ಎದುರಿನ ಸಾಲಿನಾಚೆ ಏನಿದೆಯೋ ತಿಳಿಯುವುದಿಲ್ಲ. ಮನೆಗೆ ಸ್ವಲ್ಪ ಮೊದಲು ದಾರಿ ಥಟ್ಟನೆ ತಿರುಗುತ್ತದೆ. ಆ ತಿರುವಿನಲ್ಲಿ ಬಾಳೆಯ ಗಿಡಗಳು ಬುಡ ಮೇಲಾಗಿ ಬಿದ್ದಿದ್ದವು. ತಿರುಳನ್ನು ಸೀಳಿ ತಿಂದ ಗುರುತು ಇನ್ನೂ ಹಸಿಯಾಗಿತ್ತು. ಅದರ ಪಕ್ಕದಲ್ಲೇ ಗಿರಿಜಾ ಗಾಡಿ ನಿಲ್ಲಿಸಿದಳು. ನನಗೆ ಜೀವ ಹೋದಂತಾಯಿತು.

"ಇಲ್ಲೇ ಹೇಳಿ ಬಿಡತೀನಿ," ಎಂದಳು. "ಮಾವನೋರನ್ನ ತುಳಿದದ್ದು ಇಲ್ಲೇ. ಪ್ರಭು ಆಗ ಸಣ್ಣ ಕೂಸು. ಅತ್ತಿ ಕೂಸಿಗೆ ಸಂಜಿಮುಂದ ಅನ್ನ ತಿನಸಲಿಕ್ಕೆ ಹತ್ತಿದ್ರಂತ. ತಿನ್ನಲಿಲ್ಲಂದ್ರ ಆನಿ ಬರತದ, ಆನಿ ಬರತದ ಅಂತ ಅಂದ್ರಂತ. ನೀನೂ ನನಗ ಹಂಗs ತಿನಸೀದಿ. ಆದ್ರ ಅವತ್ತು ಬಂದುಬಿಡ್ತು. ಅವತ್ತಿನಿಂದ ದೀಪ ಹಚ್ಚಿದ ಮ್ಯಾಲೆ ಅತ್ತಿ ಆ ಹೆಸರು ಎತ್ತಿಲ್ಲ, ಮನ್ಯಾಗ ಯಾರಿಗೂ ಎತ್ತಗೊಟ್ಟಿಲ್ಲ."

ಮೊದಲು ಗಾಡಿ ಬಿಡು ಎಂದೆ.

ತೋಟದ ಮನೆ

ಬೀಗಿತ್ತಿ ರಂಗಮ್ಮಾಳ್ ಅಂಗಳಕ್ಕೇ ಬಂದು ಕೈ ಹಿಡಿದರು. ತೆಳ್ಳಗೆ, ಎತ್ತರ, ಹಣೆಯಲ್ಲಿ ವಿಭೂತಿ.

"ವಾಂಗ ಅಕ್ಕಾ, ವಾಂಗ. ಪಯಣ ಚೆನ್ನಾಗಿತ್ತಾಂಗ? ಮೊದಲು ಸಾಪಾಡು, ಅಪ್ಪುರಂ ಮಾತು."

ಅವರ ಕನ್ನಡ ಏರಿ ಇಳಿಯುವ ರೀತಿಗೆ ನಾನು ಮುಗುಳ್ನಕ್ಕಿರಬೇಕು. ಅವರೂ ನಕ್ಕರು. "ನಮ್ಮ ಕನ್ನಡ ಕೇಳಿದ್ರೆ ನಿಮ್ಗೆ ಸಿರಿಪ್ಪು ಬರುತ್ತೆ ಅಲ್ವಾಂಗ? ಬರೆಯೋಕೆ, ಪಡಿಕ್ಕೋಕೆ ನಮ್ಗೆ ತಿಳಿಯದು. ಮನೇಲಿ ಪೇಸೋದು, ಅಷ್ಟೇ."

ಅಲ್ಲಿಯವರ ಉಪಚಾರವೆಂದರೆ ಬೇಡ ಎಂದಷ್ಟೂ ಬಡಿಸುವುದು. ನಮ್ಮಲ್ಲೂ ಹಾಗೆಯೇ, ಆದರೆ ನಾವು ಬೈಯುತ್ತ ಬಡಿಸುತ್ತೇವೆ, ಅವರು ಬೇಡಿಕೊಳ್ಳುತ್ತ ಬಡಿಸುತ್ತಾರೆ. ಬೈಗುಳವನ್ನಾದರೂ ತಡೆಯಬಹುದು. ಎಲೆ ತುಂಬ ಅನ್ನ ಬಿದ್ದಿತ್ತು.

ಬೆಟ್ಟದ ಹಿಂದೆ ಬಿಸಿಲು ಇಳಿಯಿತು. ರಂಗಮ್ಮಾಳ್ ದೀಪ ಹಚ್ಚಿ ಕೈಮುಗಿದರು. ಆ ಹೊತ್ತಿನಿಂದ ಮನೆಯ ಮಾತೇ ಬದಲಾಯಿತು. ತೋಟಗಳವರೆಲ್ಲ ಸೇರಿಕೊಂಡ ವಾಟ್ಸಾಪ್ ಗುಂಪೊಂದಿದೆ. ಅದರಲ್ಲಿ ಒಬ್ಬೊಬ್ಬರ ದನಿ ಬರತೊಡಗಿತು. ಟಸ್ಕರ್ ಕಾಲುವೆ ದಾಟಿತು, ಟಸ್ಕರ್ ತೆಂಗಿನ ತೋಟದ ಕಡೆ ಹೋಯಿತು, ಮರಿಯ ಜೊತೆ ಟಸ್ಕರ್ ನಿಂತಿದೆ. ಎಲ್ಲ ತಮಿಳಿನಲ್ಲಿ, ನನಗೆ ಗಿರಿಜಾ ಬಿಡಿಸಿ ಹೇಳುತ್ತಿದ್ದಳು. ಆ ಒಂದು ಪದ ಮಾತ್ರ ಇಂಗ್ಲಿಷ್. ಬಸ್ಸು ಎಲ್ಲಿದೆ ಎಂದು ಹೇಳಿದ ಹಾಗೆ ಹೇಳುತ್ತಾರೆ. ಕೇಳಿದವರು ಹ್ಞೂಂ ಎಂದು ಸಾರು ಕಲಸಿಕೊಳ್ಳುತ್ತಾರೆ.

ಹೆದರಿದಾಗ ನಾನು ಪಾಠ ಮಾಡುತ್ತೇನೆ. ಹುಟ್ಟುಗುಣ. "ಮರಿಯ ಜೊತೆ ಇದ್ದದ್ದು ಹೆಣ್ಣು ಇರಬೇಕು. ಹೆಣ್ಣಿಗೆ ದಂತ ಇರೂದಿಲ್ಲ. ಅದಕ್ಕ ಟಸ್ಕರ್ ಅಂದ್ರ ತಪ್ಪಾಗ್ತದರೀ," ಎಂದೆ.

ರಂಗಮ್ಮಾಳ್ ಗಂಭೀರವಾಗಿ ಕೇಳಿದರು. "ಹಂಗಾಂಗ? ಹೆಣ್ಣಿಗೆ ಇಂಗ್ಲೀಸಲ್ಲಿ ಏನು ಪೇರು?"

"ಕೌ ಅಂತಾರ."

"ಹಸುವಾ!" ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಆ ಪೇರಲ್ಲಿ ಕೂಗಿದ್ರೆ ನಮ್ಮ ಕೊಟ್ಟಿಗೆ ಲಕ್ಷ್ಮಿ ಬರ್ತಾಳೆ ಅಕ್ಕಾ. ಬೇಡಾಂಗ. ಟಸ್ಕರೇ ಇರ್ಲಿ."

"ಇಂಗ್ಲಿಷ್ ಯಾಕ್ರಿ? ನಮ್ಮ ಮಾತಿನ್ಯಾಗ ದೊಡ್ಡವರು, ದೇವರು, ಏನರೆ ಅನ್ನಬಹುದಲ್ಲ?"

ನಗು ನಿಂತಿತು. ಅವರು ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮ ಅತ್ತೆ ಕಾಲದಲ್ಲಿ ಪೆರಿಯವರು, ದೊಡ್ಡವರು ಅಂತಿದ್ರು. ಅದು ಕಲ್ತುಬಿಡ್ತು. ಅದಕ್ಕೆ ತಮಿಳು ತಿಳಿಯುತ್ತೆ. ಬೆಟ್ಟದ ಆ ಕಡೆ ಮಲಯಾಳಂ ಕೇಳಿದೆ. ನಮ್ಮ ಕನ್ನಡಾನ ನಮ್ಮ ತಾತನ ಕಾಲದಿಂದ ಕೇಳ್ತಾ ಇದೆ. ಇಂಗ್ಲೀಸು ಒಂದು ಮಾತ್ರ ಪಡಿಕ್ಕಲಿಲ್ಲ."

ನನ್ನ ವಿದ್ಯಾರ್ಥಿಗಳ ನೆನಪಾಗಿ ನಗು ಬಂತು. ಕಿಟಕಿಯಾಚೆಯ ಬಾಳೆಯ ಕತ್ತಲೆ ನೋಡಿದೆ, ನಗು ಹೋಯಿತು. ಮಲಗುವಾಗ ಗಿರಿಜಾಳ ಕೈ ಹಿಡಿದು, ನನ್ನ ಜೊತೆಗೇ ಬಂದುಬಿಡು ಎಂದೆ. ಅವಳು ಒಪ್ಪಲಿಲ್ಲ. ಪ್ರಭು ವಾರವೆಲ್ಲ ತಿರುಪ್ಪೂರಿನಲ್ಲಿರುತ್ತಾನೆ, ತಾನೂ ಹೋದರೆ ಅತ್ತೆ ಈ ಕತ್ತಲೆಯಲ್ಲಿ ಒಬ್ಬರೇ ಎಂದಳು. ನನಗೆ ಸಿಟ್ಟು ಬಂತು. ಹೆತ್ತವಳ ಅಂಜಿಕೆಗಿಂತ ಅತ್ತೆಯ ಅಂಜಿಕೆ ಹೆಚ್ಚಾಯಿತೇ ಎಂದು ಗೋಡೆಯ ಕಡೆ ತಿರುಗಿ ಮಲಗಿದೆ.

ತಿರುಪ್ಪೂರು

ಅಳಿಯನನ್ನು ಒಪ್ಪಿಸಿದರೆ ಕೆಲಸವಾದೀತು ಎಂದು ಮರುದಿನ ಬೆಳಿಗ್ಗೆ ತಿರುಪ್ಪೂರಿಗೆ ಹೋದೆ. ಆ ಊರಲ್ಲಿ ಅಂಜಲು ಪುರುಸೊತ್ತಿಲ್ಲ. ಎಲ್ಲಿ ನೋಡಿದರೂ ಬನಿಯನ್ ಬಟ್ಟೆಯ ಉರುಳೆಗಳು, ಹೊಲಿಗೆ ಯಂತ್ರಗಳು, ಬೇಗ ಬೇಗ ಎನ್ನುವ ಜನ. ನಮ್ಮ ಇಳಕಲ್ಲಿನ ಮಗ್ಗ ಒಂದು ಸೀರೆಯ ಸೆರಗು ಮುಗಿಸುವುದರೊಳಗೆ ಇವರು ಒಂದು ಊರಿಗೆ ಅಂಗಿ ತೊಡಿಸಿಯಾರು.

ಪ್ರಭುವಿನದು ಪುಟ್ಟ ಕಾರ್ಖಾನೆ. ಕೂಸುಗಳ ಅಂಗಿ ಹೊಲಿಸಿ ಹೊರದೇಶಕ್ಕೆ ಕಳಿಸುತ್ತಾನೆ. ಮೇಜಿನ ಮೇಲೆ ರಾಶಿ ಬಿದ್ದಿದ್ದ ಹಳದಿ ಅಂಗಿಗಳನ್ನು ನೋಡಿ ನಾನು ನಿಂತಲ್ಲೇ ನಿಂತೆ. ಪ್ರತಿ ಅಂಗಿಯ ಎದೆಯ ಮೇಲೂ ಸೊಂಡಿಲೆತ್ತಿ ನಗುವ ಮರಿಯಾನೆ. ಕೆಲಸದ ಹೆಂಗಸರು ಯಾನೈ, ಯಾನೈ ಎಂದು ನಿರ್ಭಯವಾಗಿ ಎಣಿಸಿ ಕಟ್ಟುತ್ತಿದ್ದರು.

"ಅಮ್ಮ ಇದನ್ನ ಮನೆ ವಾಸಲ್ ಒಳಗೆ ಬಿಡಲ್ಲ ಅತ್ತೆ," ಎಂದ ಪ್ರಭು. "ಒಂದು ಸಲ ಸಾಂಪಲ್ ತಂದೆ. ರಾತ್ರಿಯೆಲ್ಲಾ ಕಾರಲ್ಲೇ ಇಡ್ಸಿದ್ರು."

ಸಣ್ಣ ಅಳತೆಯ ಒಂದು ಅಂಗಿ ಎತ್ತಿ ನನ್ನ ಕೈಗಿಟ್ಟ, ನಿಮ್ಮ ಮೊಮ್ಮಗುವಿಗೆ ಎಂದು. ಮೆತ್ತಗಿತ್ತು. ಆದರೂ ಮಡಚಿ ರಾಶಿಗೇ ಹಾಕಿದೆ. ಹಗಲಲ್ಲೇ ಅಂಜಲು ಕಲಿತಿದ್ದೆ.

ಗಿರಿಜಾಳನ್ನು ಇಲ್ಲಿಗೆ ಕರೆಸಿಕೋ, ಇಲ್ಲವೇ ನನ್ನ ಜೊತೆ ಕಳಿಸು ಎಂದೆ. ಅವನು ಒಂದು ಅಂಗಿಯ ದಾರ ಕತ್ತರಿಸುತ್ತ ಹೇಳಿದ. "ಅಪ್ಪ ಹೋದ ಜಾಗ ಬಿಟ್ಟು ಅಮ್ಮ ಬರಲ್ಲ. ಅಮ್ಮನ್ನ ಬಿಟ್ಟು ಗಿರಿಜಾ ಬರಲ್ಲ. ನಾನೇನ್ ಮಾಡೋದುಂಗ? ದಿನಾ ಪೊಳುದು ಸಾಯ್ದು ಕತ್ತಲಾದ್ರೆ, ಅವ್ಳು ಮನೆ ಸೇರ್ದೆ ಅಂತ ಹೇಳೋವರೆಗೂ ಕತ್ತರಿ ಹಿಡಿಯಲ್ಲ."

ಸಂಜೆಗೆ ಮೊದಲೇ ನನ್ನನ್ನು ತೋಟಕ್ಕೆ ಬಿಟ್ಟು ಅವನು ಹಿಂದಿರುಗಿದ.

ತಿರುವು

ರಂಗಮ್ಮಾಳ್ ದೀಪ ಹಚ್ಚಿ ಬಂದಿದ್ದರು. ಇಬ್ಬರೂ ಅಂಗಳದ ಹಲಗೆಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದೆವು. ಮಾತಾಡಲು ಬೆಳಕಿತ್ತು, ಮುಖ ಕಾಣಲು ಇರಲಿಲ್ಲ. ಗೇಟಿನಿಂದ ತಿರುವಿನವರೆಗೂ ದಾರಿ ನೇರವಾಗಿ ಕಾಣುತ್ತದೆ.

ಮೊದಲು ಮಣಿ ಎದ್ದಿತು. ಆ ಮನೆಯ ನಾಯಿ. ನಾನು ಬಂದಾಗಿನಿಂದ ನನ್ನ ನೆರಳಿಗೂ ಬೊಗಳಿದ ನಾಯಿ ಈಗ ಸದ್ದಿಲ್ಲದೆ ಹಲಗೆಯ ಕೆಳಗೆ ನುಸುಳಿತು. ರಂಗಮ್ಮಾಳ್ ಅವರ ಕೈ ನಿಂತಿತು. ಬಾಳೆಯ ದಿಂಡು ಮುರಿಯುವ ಸದ್ದು ಕೇಳಿಸಿತು. ದೊಡ್ಡ ಸದ್ದಲ್ಲ. ಯಾರೋ ಸಾವಕಾಶ ಊಟಕ್ಕೆ ಕೂತ ಸದ್ದು.

ತಿರುವಿನ ಹತ್ತಿರ ಕಪ್ಪು ಮರವೊಂದು ನಿಂತಿತ್ತು. ಬೆಳಿಗ್ಗೆ ಅಲ್ಲಿ ಮರವಿರಲಿಲ್ಲ. ಅದು ತಲೆ ಎತ್ತಿದಾಗ ಬೆಳ್ಳಗೆ ಎರಡು ದಂತ ಕಂಡವು. ನಿಘಂಟು ಹೇಳಿದ ಅರ್ಥದಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಅದು ಹೇಳದೆ ಬಿಟ್ಟದ್ದು ಬಹಳವಿತ್ತು. ಓಡಬೇಕು ಎನಿಸಿತು, ಎಲ್ಲಿಗೆ ಎಂದು ತಿಳಿಯಲಿಲ್ಲ.

ಆಗ ತಿರುವಿನಾಚೆಯಿಂದ ಸ್ಕೂಟರಿನ ದೀಪ ಬಾಳೆಯ ಎಲೆಗಳ ಮೇಲೆ ಬಿತ್ತು.

ಗಿರಿಜಾ. ಸದ್ದಿಲ್ಲದ ಗಾಡಿ, ತಲೆಗೆ ಹೆಲ್ಮೆಟ್ಟು. ಆ ಕಪ್ಪು ಮರ ನಿಂತದ್ದು ತಿರುವಿನ ಒಳಬದಿಯಲ್ಲಿ. ಅವಳಿಗೆ ಅದು ಕಾಣುವುದಕ್ಕೆ ಅವಳು ಅದರ ಕಾಲಬಳಿಗೇ ಬರಬೇಕು.

ನಾನು ಗೇಟಿಗೆ ಓಡಿ, ತರಗತಿಗಳನ್ನು ಸುಮ್ಮನಾಗಿಸಿದ ಗಂಟಲಿನಲ್ಲಿ ಕೂಗಿದೆ. "ಟಸ್ಕರ್! ಗಿರಿಜಾ, ಟಸ್ಕರ್!"

ನಾನೇಕೆ ಆ ಪದ ಕೂಗಿದೆನೋ. ಆ ಮನೆಯಲ್ಲಿ ಅದು ನನಗೆ ಎರಡನೆಯ ಸಂಜೆ, ಅಷ್ಟರಲ್ಲಿ ನನ್ನ ನಾಲಿಗೆಯೂ ಅಂಜಿತ್ತು. ಎಲೆಗಳ ಸಂದಿಯಲ್ಲಿ ಅವಳು ಎಡಗೈ ಎತ್ತಿದ್ದು ಕಂಡಿತು. ಸರಿ, ಕೇಳಿಸಿತು ಎನ್ನುವ ಹಾಗೆ. ಗಾಡಿ ನಿಲ್ಲಲಿಲ್ಲ. ನಾನು ಇನ್ನೊಮ್ಮೆ ಅದನ್ನೇ ಕೂಗಿದೆ. ಗಾಡಿ ಬರುತ್ತಲೇ ಇತ್ತು.

ನನ್ನ ಪಕ್ಕದಿಂದ ರಂಗಮ್ಮಾಳ್ ಗೇಟು ತಳ್ಳಿಕೊಂಡು ದಾರಿಗೇ ಹೋದರು. ಹೋಗಿ, ಎರಡೂ ಕೈ ಮೇಲೆತ್ತಿ ಕೂಗಿದರು.

"ಆನೆ! ನಿಲ್ಲು ಕಣ್ಣೂ! ಆನೆ! ಆನೆ!"

ದೀಪ ಅಲ್ಲಾಡಿ ನಿಂತಿತು. ಗಾಡಿ ಬಿದ್ದ ಸದ್ದು. ಗಿರಿಜಾ ಹಿಂದೆ ಹಿಂದೆ ಸರಿದು ದಾರಿಬದಿಯ ಪಂಪಿನ ಮನೆಯೊಳಗೆ ಸೇರಿಕೊಂಡದ್ದನ್ನು ಆಮೇಲೆ ತಿಳಿದೆವು. ಆಗ ನಮಗೆ ಅವಳು ಕಾಣಲಿಲ್ಲ. ಕಂಡದ್ದು ಅದು ಮಾತ್ರ. ಕೂಗು ಕೇಳಿ ಅದು ಕಿವಿ ಅಗಲಿಸಿ ನಮ್ಮ ಕಡೆಗೆ ತಿರುಗಿತು. ರಂಗಮ್ಮಾಳ್ ದಾರಿಯ ನಡುವೆ ಹಾಗೆಯೇ ನಿಂತಿದ್ದರು. ಹಿಂದೆ ಬನ್ನಿ ಎಂದು ನಾನು ಅನ್ನಬೇಕಿತ್ತು. ಗೇಟನ್ನು ಹಿಡಿದುಕೊಂಡು ನಿಂತೆ.

"ಪೋ ಸಾಮಿ," ಎಂದರು ಅವರು, ಬಹಳ ಮೆಲ್ಲಗೆ. "ಪೋ."

ಎಷ್ಟು ಹೊತ್ತು ನಿಂತಿತೋ ಹೇಳಲಾರೆ. ಕೊನೆಗೆ ಒಂದು ಬಾಳೆಯ ಗಿಡವನ್ನು ಎಳೆದುಕೊಂಡು ಸಾಲಿನೊಳಗೆ ಹೋಯಿತು. ಪಕ್ಕದ ತೋಟದವರು ಟ್ರ್ಯಾಕ್ಟರ್ ತಂದು ಗಿರಿಜಾಳನ್ನು ಮನೆ ಮುಟ್ಟಿಸಿದರು. ನಾನು ಅವಳ ಹೊಟ್ಟೆ, ಬೆನ್ನು, ಕೈಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿ ಅತ್ತೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

"ನಾ ಕೂಗಿದ್ದು ಕೇಳಲಿಲ್ಲೇನs?"

"ಕೇಳಿಸ್ತವ್ವಾ. ಟಸ್ಕರ್ ಅಂತ ದಿನಾ ಕೇಳತೀನಲ್ಲ. ಎಲ್ಲೋ ಯಾರದೋ ತೋಟಕ್ಕ ಬಂದಿರಬೇಕು, ಅದನ್ನ ಹೇಳಲಿಕ್ಕೆ ಹತ್ತೀದಿ ಅಂದ್ಕೊಂಡೆ. ಅತ್ತಿ ಬಾಯಾಗ ಆ ಮಾತು ಕೇಳಿದ ಕೂಡ್ಲೆ ಎದಿ ಒಡದ್ಹಂಗಾತು. ಕೈ ತಾನs ಬ್ರೇಕ್ ಹಿಡೀತು."

ರಂಗಮ್ಮಾಳ್ ನಮ್ಮ ಹತ್ತಿರ ಬರಲಿಲ್ಲ. ದೀಪದ ಮುಂದೆ ಕೂತಿದ್ದರು. ದಾರಿಯ ನಡುವೆ ನಡುಗದೆ ನಿಂತವರು ಈಗ ಹಲ್ಲು ಕಟಕಟ ಅನ್ನುವಂತೆ ನಡುಗುತ್ತಿದ್ದರು. ನಾನು ಹೋಗಿ ಭುಜ ಹಿಡಿದೆ.

"ಹೇಳ್ಬಿಟ್ಟೆ ಅಕ್ಕಾ," ಎಂದರು. "ದೀಪ ಹಚ್ಚಿದ ಮೇಲೆ ಹೇಳ್ಬಿಟ್ಟೆ."

ನಿಮ್ಮಿಂದಲೇ ಅವಳು ಉಳಿದಳು ಎಂದೆ. ಅವರು ದೀಪದ ಬತ್ತಿ ಸರಿಮಾಡಿದರು. ಹೊರಗೆ ಎಲೆ ಅಲ್ಲಾಡಿದಾಗಲೆಲ್ಲ ಬೆಚ್ಚುತ್ತಿದ್ದರು. ಅವರೊಡನೆ ನಾನೂ ಬೆಚ್ಚುತ್ತಿದ್ದೆ.

ಕೊಯಮತ್ತೂರು ಸ್ಟೇಷನ್ನು

ಬೆಳಿಗ್ಗೆ ಎದ್ದಾಗ ಗಿರಿಜಾಳ ಬಟ್ಟೆಗಳು ಪೆಟ್ಟಿಗೆಯಲ್ಲಿದ್ದವು. ತುಂಬಿದವರು ರಂಗಮ್ಮಾಳ್.

"ಕರ್ಕೊಂಡು ಹೋಗೀಂಗ," ಎಂದರು. "ನಾನು ಪೇರು ಹಿಡ್ದು ಕರ್ದಾಯ್ತು. ಇನ್ನು ಅದು ಬರುತ್ತೆ. ಅದು ಬರೋ ದಾರೀಲಿ ಇವ್ಳು ಬರಬಾರ್ದು."

ಗಿರಿಜಾ ಅತ್ತಳು, ಜಗಳಾಡಿದಳು. ಅವರು ಕೇಳಲಿಲ್ಲ. ನಾನು ಯಾವುದಕ್ಕೆ ಬಂದಿದ್ದೆನೋ ಅದು ಆಗಿತ್ತು. ಆದರೆ ಮನೆ ಬಿಡುವಾಗ ಆ ಹೆಂಗಸು, ಆ ನಾಯಿ, ಆ ಬಾಳೆಯ ಸಾಲು ಮೂರನ್ನೇ ಬಿಟ್ಟು ಹೋಗುತ್ತಿದ್ದೇವೆ ಎನಿಸಿತು. ನೀವೂ ಬಂದುಬಿಡಿ ಎಂದೆ. ಲಕ್ಷ್ಮಿಗೆ ಹುಲ್ಲು ಹಾಕುವವರು ಯಾರು ಎಂದರು. ಗಂಡನ ಮಾತು ಎತ್ತಲಿಲ್ಲ.

ಸ್ಟೇಷನ್ನಿಗೆ ಪ್ರಭುವಿನ ಜೊತೆ ಅವರೂ ಬಂದರು. ಎಳೆ ಬಿಸಿಲು. ರೈಲು ಹೊರಡುವ ಮುಂಚೆ ಕಿಟಕಿಯ ಸರಳಿನೊಳಗಿಂದ ನನ್ನ ಕೈ ಹಿಡಿದರು.

"ಅಕ್ಕಾ, ನಿಮ್ಮ ಊರಲ್ಲಿ ಅದು ಇಲ್ಲ ಅಲ್ವಾಂಗ?"

"ಇಲ್ಲರೀ. ಕಾಡs ಇಲ್ಲ."

"ಹಂಗಾದ್ರೆ ಕೂಸಿಗೆ ಅಲ್ಲೇ ಆ ಪೇರು ಕಲ್ಸಿ. ಇಂಗ್ಲೀಸು ಬೇಡ. ನಮ್ಮ ಮಾತಲ್ಲೇ ಕಲ್ಸಿ. ನಾನು ಕಲ್ಸೋಕೆ ಆಗಲ್ಲ." ರೈಲು ಅಲುಗಿತು. ಅವರು ಕೈ ಬಿಡದೆ ಜೊತೆಗೆ ನಡೆದರು. "ನಾಳೆ ಇಲ್ಲಿಗೆ ಬಂದಾಗ ನಾನು ಕೂಗಿದ್ರೆ ನಿಲ್ಲಬೇಕಲ್ಲಾಂಗ."

ಈಗ ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಮೊಮ್ಮಗಳು ಅಂಬೆಗಾಲಿಡುತ್ತಾಳೆ. ಪ್ರಭು ಆ ಹಳದಿ ಅಂಗಿ ಕಳಿಸಿದ್ದಾನೆ. ಅದನ್ನು ತೊಡಿಸಿ, ಎದೆಯ ಮೇಲಿನ ಚಿತ್ರ ಮುಟ್ಟಿಸಿ, ಆ ಹೆಸರು ಹೇಳಿಕೊಡುತ್ತೇನೆ. ಅವಳು ಕೇಕೆ ಹಾಕುತ್ತಾಳೆ. ಕಾರಮಡೈಗೆ ಅವಳು ಹೊರಡುವುದರೊಳಗೆ ಕಲಿಸಿ ಮುಗಿಸಬೇಕು. ಸಂಜೆಯಾಗುತ್ತಲೇ ಅಂಗಿ ಕಳಚಿ, ಮಡಚಿ, ಹೊರಗಿನ ಕಟ್ಟೆಯ ಮೇಲೆ ಇಟ್ಟು ಬರುತ್ತೇನೆ. ಆಮೇಲೆ ದೀಪ ಹಚ್ಚುತ್ತೇನೆ.